ಹಳೆಯ ಕೋಟು ಕೊಳ್ಳುವಾಗ ಮೊದಲು ಭುಜ ನೋಡಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರದೇಶದ ಲೀಡ್ಸ್‌ನಲ್ಲಿರುವ ನನ್ನ ಕನ್ನಡದ ಗೆಳೆಯರಲ್ಲಿ ಹಲವರಿಗೆ ಈಚೆಗೆ ಹಳೆಯ ಕಾಲದ ಕೋಟುಗಳ ಹುಚ್ಚು ಹಿಡಿದಿದೆ, ಮತ್ತು ಅದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಇದು ಕೋಟು ಹೊಲಿದು ಬೆಳೆದ ಊರು. ಬರ್ಟನ್ ಕಂಪನಿಯ ಹಡ್ಸನ್ ರೋಡ್ ಕಾರ್ಖಾನೆಯೊಂದರಲ್ಲೇ ಒಂದು ಕಾಲಕ್ಕೆ ಸುಮಾರು 10,000 ಜನ ದುಡಿಯುತ್ತಿದ್ದರು. ಹತ್ತಿರದ ಹಡರ್ಸ್‌ಫೀಲ್ಡ್ ಮಿಲ್ಲುಗಳ ಉಣ್ಣೆ ಬಟ್ಟೆಗೆ ಇಂದಿಗೂ ಜಗತ್ತಿನಾದ್ಯಂತ ಹೆಸರಿದೆ. ಅಂತಹ ಬಟ್ಟೆ, ಅಂತಹ ಹೊಲಿಗೆ, ದಾನವಾಗಿ ಬಂದ ಹಳೆಯ ವಸ್ತು ಮಾರುವ ಚಾರಿಟಿ ಅಂಗಡಿಗಳಲ್ಲಿ ಕೆಲವೊಮ್ಮೆ ಒಂದು ಹೊಸ ಅಂಗಿಯ ಬೆಲೆಗೆ ಸಿಕ್ಕಿಬಿಡುತ್ತದೆ. ಆದರೆ ಹಾಗೆ ಆಸೆಪಟ್ಟು ತಂದ ಕೋಟು ಒಂದೆರಡು ಸಲ ಮೈಮೇಲೆ ಬಂದು, ಆಮೇಲೆ ಕಪಾಟಿನ ಮೂಲೆ ಸೇರುವುದನ್ನು ನೋಡಿದಾಗ ಮನಸ್ಸಿಗೆ ಬೇಸರವಾಗುತ್ತದೆ. ಕಾರಣ ಹೆಚ್ಚುಕಡಿಮೆ ಯಾವಾಗಲೂ ಒಂದೇ ಆಗಿರುತ್ತದೆ. ಮೊದಲು ಬೆಲೆ ನೋಡುತ್ತೇವೆ, ಆಮೇಲೆ ಲೇಬಲ್, ಆಮೇಲೆ ಬಣ್ಣ. ಭುಜವನ್ನು ಕಟ್ಟಕಡೆಗೆ ನೋಡುತ್ತೇವೆ, ಇಲ್ಲವೇ ನೋಡುವುದೇ ಇಲ್ಲ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ.

‘ಆಮೇಲೆ ಟೈಲರ್ ಹತ್ತಿರ ಸರಿಮಾಡಿಸಿಕೊಂಡರಾಯಿತು’ ಎಂಬ ಧೈರ್ಯದ ಮೇಲೆ ನಾವು ಕೊಳ್ಳುತ್ತೇವೆ. ಟೈಲರ್ ಏನು ಸರಿಮಾಡಬಲ್ಲರು, ಏನು ಮಾಡಲಾರರು ಎಂಬುದು ಮೊದಲೇ ಗೊತ್ತಿದ್ದರೆ ಈ ಧೈರ್ಯಕ್ಕೆ ಒಂದು ಮಿತಿ ಬರುತ್ತದೆ. ಸೊಂಟದ ಬಳಿ ಹಿಡಿಸುವುದು, ತೋಳು ಗಿಡ್ಡ ಮಾಡುವುದು, ಗುಂಡಿ ಬದಲಿಸುವುದು ದಿನನಿತ್ಯದ ಕೆಲಸಗಳು. ತೋಳನ್ನು ಉದ್ದ ಮಾಡುವುದು ಒಳಗೆ ಮಡಿಸಿದ ಬಟ್ಟೆ ಇದ್ದಷ್ಟು ಮಾತ್ರ ಸಾಧ್ಯ, ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಇಂಚು. ಅದೂ ಹಳೆಯ ಮಡಿಕೆಯ ಗೆರೆ ಎದ್ದು ಕಾಣದಿದ್ದರೆ ಮತ್ತು ಮಣಿಕಟ್ಟಿನ ಗುಂಡಿಗಳಿಗೆ ನಿಜವಾದ ಕಾಜಾ ಕೊರೆದಿರದಿದ್ದರೆ. ಭುಜದ ವಿಷಯ ಬೇರೆ. ಅದನ್ನು ಕಿರಿದಾಗಿಸಬೇಕಾದರೆ ತೋಳನ್ನು ಬಿಚ್ಚಿ, ಪ್ಯಾಡನ್ನು ತೆಗೆದು, ಕೋಟಿಗೆ ಆಕಾರ ಕೊಡುವ ಒಳಪದರದ ಬಟ್ಟೆಯಾದ ಕ್ಯಾನ್ವಾಸನ್ನು ಮತ್ತೆ ಕತ್ತರಿಸಿ, ಚೌಕಳಿ ಬಟ್ಟೆಯಾದರೆ ಗೆರೆಗೆ ಗೆರೆ ಕೂಡಿಸಿ ತೋಳನ್ನು ಮತ್ತೆ ಕೂರಿಸಬೇಕು. ಇದರ ಕೂಲಿ ಕೋಟಿನ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಭುಜವನ್ನು ಅಗಲ ಮಾಡುವುದಂತೂ ಆಗದ ಮಾತು. ಕೋಟಿನ ಉದ್ದವೂ ಹಾಗೆಯೇ: ಹೆಚ್ಚಿಸಲು ಬರುವುದಿಲ್ಲ, ಕತ್ತರಿಸಿದರೆ ಜೇಬುಗಳು ಜಾರಿ ಕೆಳಗೆ ಬಿದ್ದಂತೆ ಕಾಣುತ್ತವೆ. ಕತ್ತಿನ ಹಿಂದೆ ಕಾಲರ್ ಅಂಗಿಗೆ ತಾಗದೆ ದೂರ ನಿಂತರೆ ಆ ಕೋಟಿನ ಕತ್ತರಿಕೆಯೇ ನಿಮ್ಮ ಬೆನ್ನಿಗೆ ಹೊಂದಿಲ್ಲ ಎಂದು ತಿಳಿದು, ಅದನ್ನು ಹ್ಯಾಂಗರಿಗೆ ಮರಳಿಸಿ.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಕನ್ನಡಿಯ ಅನುಕೂಲವಿಲ್ಲ. ಇರುವುದು ಟೇಪು ಮಾತ್ರ. ನಿಮ್ಮ ಬಳಿ ಚೆನ್ನಾಗಿ ಕೂರುವ ಒಂದು ಕೋಟನ್ನು ಮೇಜಿನ ಮೇಲೆ ಗುಂಡಿ ಹಾಕಿ ಹಾಸಿ, ಬೆನ್ನಿನ ಕಡೆ ಭುಜದ ಹೊಲಿಗೆಯಿಂದ ಹೊಲಿಗೆಗೆ, ಕಂಕುಳಿಂದ ಕಂಕುಳಿಗೆ, ಕಾಲರಿನ ಬುಡದಿಂದ ಕೆಳ ಅಂಚಿಗೆ, ಭುಜದಿಂದ ತೋಳಿನ ತುದಿಗೆ ಅಳೆದು, ಆ ನಾಲ್ಕು ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಾರುವವರಿಂದ ಇವೇ ನಾಲ್ಕನ್ನು ಕೇಳಿ, ಸಾಧ್ಯವಾದರೆ ಟೇಪು ಹಿಡಿದ ಫೋಟೋ ಸಮೇತ. ಒಳಗಿನ ಲೇಬಲ್ಲಿನಲ್ಲಿ ಎದೆಯಳತೆ 40 ಇಂಚು ಎಂದಿದೆ ಎಂಬುದನ್ನು ನೆಚ್ಚಿಕೊಳ್ಳಬಾರದು, ಏಕೆಂದರೆ ಹಿಂದಿನ ಒಡೆಯರು ಅದನ್ನು ಹಿಡಿಸಿರಬಹುದು, ಬಿಡಿಸಿರಬಹುದು. ಬೊಂಬೆಯ ಮೇಲೆ ಚೆಂದವಾಗಿ ಕೂತ ಫೋಟೋವನ್ನೂ ನೆಚ್ಚಬಾರದು. ಬೆನ್ನಿನ ಕಡೆ ಕ್ಲಿಪ್ಪು ಹಾಕಿ ಬಿಗಿ ಮಾಡಿರುವುದು ಮುಂದಿನಿಂದ ಕಾಣುವುದಿಲ್ಲ.

ಲೇಬಲ್ಲಿನ ಮೋಹವೇ ಎಲ್ಲಕ್ಕಿಂತ ದೊಡ್ಡದು. ಅಳತೆ ಕೊಟ್ಟು ಹೊಲಿಸುವ ಟೈಲರ್‌ಗಳಿಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಹೊಲಿಸಿದ ಕೋಟಿನ ಒಳಜೇಬನ್ನು ಹೊರಳಿಸಿದರೆ ಅಲ್ಲಿ ಚಿಕ್ಕದೊಂದು ಬಿಳಿಯ ಚೀಟಿ ಹೊಲಿದಿರುತ್ತದೆ; ಅದರ ಮೇಲೆ ಗಿರಾಕಿಯ ಹೆಸರು, ಹೊಲಿದ ದಿನಾಂಕ. ಮಸಿ ಮಾಸಿದ ಆ ಅಕ್ಷರಗಳನ್ನು ಕಂಡಾಗ ಕೈ ತಾನಾಗಿ ಹಣದ ಕಡೆಗೆ ಹೋಗುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆ ಚೀಟಿ ಹೇಳುತ್ತಿರುವುದೇ ಈ ಕೋಟು ನಿಮಗಾಗಿ ಹೊಲಿದದ್ದಲ್ಲ ಎಂದು. ಆ ಗಿರಾಕಿಯ ಬಲಭುಜ ಅರ್ಧ ಇಂಚು ತಗ್ಗಿದ್ದರೆ ಅಲ್ಲಿ ಪ್ಯಾಡು ಹೆಚ್ಚಿದೆ, ಬೆನ್ನು ಬಾಗಿದ್ದರೆ ಹಿಂದಿನ ತುಂಡು ಉದ್ದವಿದೆ, ಎದೆ ಮುಂದಿದ್ದರೆ ಅಲ್ಲಿ ಬಟ್ಟೆ ಹೆಚ್ಚು ಬಿಟ್ಟಿದೆ. ಎದೆಯ ಸುತ್ತಳತೆ ನಿಮ್ಮದಕ್ಕೆ ಸರಿಯಾಗಿ ಹೊಂದಿದರೂ ಅವರ ಬೆನ್ನು ನಿಮ್ಮ ಬೆನ್ನಲ್ಲ. ಒಬ್ಬರ ದೇಹಕ್ಕೆ ಇಷ್ಟು ಶ್ರದ್ಧೆಯಿಂದ ಹೊಲಿದ ಬಟ್ಟೆ ಇನ್ನೊಬ್ಬರಿಗೆ ಹೊಂದುವ ಸಾಧ್ಯತೆ, ಕಾರ್ಖಾನೆಯಲ್ಲಿ ಸರಾಸರಿ ಮೈಕಟ್ಟಿಗೆ ಹೊಲಿದ ಒಳ್ಳೆಯ ಕೋಟಿಗಿಂತ ಕಡಿಮೆಯೇ. ಅದಕ್ಕಾಗಿಯೇ ಲೀಡ್ಸ್‌ನಲ್ಲಿ ಹೊಲಿದ ಸಾಧಾರಣ ಹೆಸರಿನ ಕೋಟುಗಳನ್ನು ಕಡೆಗಣಿಸಬೇಡಿ ಎಂದು ನಾನು ಹೇಳುತ್ತಿರುತ್ತೇನೆ.

ಸ್ಕಾಟ್ಲೆಂಡಿನ ಉಣ್ಣೆ ಬಟ್ಟೆಯಾದ ಹ್ಯಾರಿಸ್ ಟ್ವೀಡ್‌ನ ಗೋಳದ ಗುರುತಿನ ಬಗ್ಗೆಯೂ ಒಂದು ಮಾತು. 1993ರ ಕಾಯ್ದೆಯ ಪ್ರಕಾರ ಆ ಹೆಸರಿನ ಬಟ್ಟೆಯನ್ನು ಔಟರ್ ಹೆಬ್ರಿಡೀಸ್ ದ್ವೀಪವಾಸಿಗಳು ತಮ್ಮ ಮನೆಗಳಲ್ಲೇ ಕೈಯಿಂದ ನೇಯ್ದಿರಬೇಕು, ಉಣ್ಣೆಗೆ ಬಣ್ಣ ಹಾಕಿ ನೂಲುವುದೂ ಆ ದ್ವೀಪಗಳಲ್ಲೇ ಆಗಿರಬೇಕು. ಆ ಗುರುತಿಗೆ ನನಗೆ ಅಪಾರ ಗೌರವವಿದೆ. ಆದರೆ ಅದು ಬಟ್ಟೆಗೆ ಕೊಟ್ಟ ಭರವಸೆ, ಹೊಲಿಗೆಗೆ ಅಲ್ಲ. ಇನ್ನು ಕಾಲದ ಲೆಕ್ಕ: ಶುದ್ಧ ಉಣ್ಣೆಯ ಗುರುತಾದ ವುಲ್‌ಮಾರ್ಕ್ ಚಿಹ್ನೆ ಬಂದದ್ದು 1964ರಲ್ಲಿ. ಆ ಚಿಹ್ನೆಯ ಲೇಬಲ್ ಇರುವ ಕೋಟನ್ನು ಎರಡನೆಯ ಮಹಾಯುದ್ಧದ ಕಾಲದ್ದೆಂದು ಹೇಳಿ ಯಾರಾದರೂ ಹೆಚ್ಚಿಗೆ ಬೆಲೆ ಕೇಳಿದರೆ ಕೊಡಬೇಕಾಗಿಲ್ಲ.

ಅಂಗಡಿಯಲ್ಲಿ ಕೋಟು ಕೈಗೆ ಸಿಕ್ಕಾಗ ಕೆಳಗಿನ ಕಾಜಾದ ಬಳಿ ಮುಂಬಟ್ಟೆಯನ್ನೂ ಒಳಬಟ್ಟೆಯನ್ನೂ ಎರಡು ಕೈಯ ಬೆರಳುಗಳಲ್ಲಿ ಚಿವುಟಿ ಹಿಡಿದು ಮೆಲ್ಲಗೆ ದೂರ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರುವುದು ತಿಳಿದರೆ ಅದು ಹೊಲಿದು ಕೂರಿಸಿದ ಕ್ಯಾನ್ವಾಸ್. ಹಾಗೆ ತಿಳಿಯದೆ ಮುಂಬಟ್ಟೆಯೇ ಗಡುಸಾಗಿದ್ದರೆ ಅಂಟು ಹಾಕಿದ್ದಾರೆ. ಅಂತಹ ಕೋಟಿನ ಎದೆಯ ಮೇಲೆ ಡ್ರೈಕ್ಲೀನ್ ನಂತರ ಗುಳ್ಳೆ ಎದ್ದರೆ ಅದಕ್ಕೆ ಮದ್ದಿಲ್ಲ. ಬಳಿಕ ಕೋಟನ್ನು ಕಿಟಕಿಯ ಬಳಿಗೆ ಒಯ್ದು ಬೆಳಕಿಗೆ ಹಿಡಿಯಿರಿ. ಮೇಲ್ನೋಟಕ್ಕೆ ಕಾಣದ ನುಸಿ ತೂತುಗಳು ಸೂಜಿಮೊನೆಯಷ್ಟು ಬೆಳಕಾಗಿ ಕಾಣುತ್ತವೆ. ಕಾಲರನ್ನು ಎತ್ತಿ ಅದರ ಅಡಿಯನ್ನು, ಜೇಬಿನ ಮುಚ್ಚಳದ ಕೆಳಭಾಗವನ್ನು, ಕಂಕುಳನ್ನು ತಪ್ಪದೆ ನೋಡಿ. ಹಾರುವ ನುಸಿ ಉಣ್ಣೆ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು, ಮತ್ತು ಅದಕ್ಕೆ ಬೇಕಾದದ್ದು ಇಂತಹ ಕತ್ತಲೆಯ, ಬೆವರು ಹಿಡಿದ ಜಾಗಗಳೇ. ಅನುಮಾನವಿದ್ದರೆ ಮನೆಗೆ ತಂದು, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟ ಮೇಲೆಯೇ ಉಳಿದ ಬಟ್ಟೆಗಳ ಜೊತೆ ಸೇರಿಸಿ. ಸಣ್ಣ ತೂತುಗಳಿಗೆ ರಫು ಹಾಕಿಸಬಹುದು, ಬೆಂಗಳೂರಿಗೆ ಹೋದಾಗ ಆ ಕೆಲಸ ಇಲ್ಲಿಗಿಂತ ಎಷ್ಟೋ ಅಗ್ಗವಾಗಿ ಆಗುತ್ತದೆ. ಆದರೆ ಕಂಕುಳಲ್ಲಿ ಬಟ್ಟೆಯೇ ಸವೆದು ಜಾಳಾಗಿದ್ದರೆ ರಫು ನಿಲ್ಲುವುದಿಲ್ಲ.

ಊರಿಗೆ ಹಿಂತಿರುಗುವ ಯೋಚನೆಯಿರುವವರು ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಬ್ರಿಟಿಷ್ ಬಟ್ಟೆ ಗಜಕ್ಕೆ 14ರಿಂದ 18 ಔನ್ಸ್ ತೂಗುವುದು ಸಾಮಾನ್ಯ. ಇಂದಿನ ಸೂಟಿನ ಬಟ್ಟೆ 9-10 ಔನ್ಸಿನ ಆಸುಪಾಸಿನದು. ಯಾರ್ಕ್‌ಷೈರಿನ ಜನವರಿಗೆ ಹೇಳಿ ಮಾಡಿಸಿದಂತಹ ಕೋಟನ್ನು ಬೆಂಗಳೂರಿನ ಡಿಸೆಂಬರಿನಲ್ಲೂ ಹೊರುವುದು ಕಷ್ಟ, ಮಂಗಳೂರಿನ ಮಳೆಗಾಲದಲ್ಲಂತೂ ಅದಕ್ಕೆ ಬೂಷ್ಟು ಹಿಡಿಯುತ್ತದೆ.

‘ಇನ್ನು ಹತ್ತು ನಿಮಿಷ ಮಾತ್ರ’ ಎಂಬ ಹರಾಜಿನ ಗಡಿಯಾರಕ್ಕೆ ಮಣಿಯಬೇಡಿ. ನಿಮ್ಮ ಮಿತಿಯನ್ನು ಹಿಂದಿನ ದಿನವೇ ನಿರ್ಧರಿಸಿ, ಅದರಲ್ಲಿ ಟೈಲರ್ ಕೂಲಿ ಮತ್ತು ಡ್ರೈಕ್ಲೀನ್ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ. ವ್ಯಾಪಾರವಾಗಿ ಮಾರುವವರಿಂದ ಆನ್‌ಲೈನಿನಲ್ಲಿ ಕೊಂಡರೆ, 2013ರ ಗ್ರಾಹಕ ಒಪ್ಪಂದ ನಿಯಮಗಳ ಪ್ರಕಾರ, ಕೋಟು ಕೈಸೇರಿದ 14 ದಿನದೊಳಗೆ ಖರೀದಿ ರದ್ದುಮಾಡುವ ಹಕ್ಕು ಬ್ರಿಟನ್ನಿನಲ್ಲಿ ನಿಮಗಿದೆ. ಮನೆಯ ಹಳೆಯ ಬಟ್ಟೆ ಮಾರುವ ಖಾಸಗಿ ವ್ಯಕ್ತಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕೋಟು ಬಂದ ದಿನವೇ ಅಂಗಿಯ ಮೇಲೆ ಹಾಕಿ, ಗುಂಡಿ ಬಿಗಿದು, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಕುರ್ಚಿಯಲ್ಲಿ ಕೂತು, ಎದ್ದು ನೋಡಿ. ಟೈಲರ್ ಹತ್ತಿರ ಒಯ್ಯುವುದು ಅದರ ನಂತರದ ಕೆಲಸ, ಏಕೆಂದರೆ ಒಂದು ಹೊಲಿಗೆ ಬಿಚ್ಚಿದ ಮೇಲೆ ಆ ಕೋಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.