ಹಾಲಿನಲ್ಲಿ ಉಳಿಸಿದರೆ ಮನೆಗೆ 200 ವರ್ಷ ಬೇಕು

ಬೆಂಗಳೂರಿನಲ್ಲಿ ಮನೆ ತಗೊಳ್ಳೋಕೆ ದುಡ್ಡು ಕೂಡಿಡುತ್ತಿದ್ದೇವೆ ಅಂತ ಯಾರ ಮುಂದಾದರೂ ಬಾಯಿ ಬಿಟ್ಟರೆ ಸಾಕು, ಸಲಹೆಗಳು ಶುರು. ತಮಾಷೆ ಏನಂದರೆ ಎಲ್ಲ ಸಲಹೆಗಳೂ ಸೀದಾ ಅಡುಗೆಮನೆಗೇ ಬಂದು ನಿಲ್ಲುತ್ತವೆ. ಎಣ್ಣೆ ಕಡಿಮೆ ಮಾಡಿ. ಹಣ್ಣು ದಿನಾ ಯಾಕೆ. ಕಾಫಿಪುಡಿಗೆ ಚಿಕೋರಿ ಜಾಸ್ತಿ ಹಾಕಿಸಿ (ಇದನ್ನು ನಿಜವಾಗಲೂ ಒಬ್ಬರು ಹೇಳಿದರು). ಮೊನ್ನೆ ಒಂದು ನಾಮಕರಣದ ಊಟದಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಾ ನಮ್ಮ ದೊಡ್ಡಪ್ಪ ಒಬ್ಬರು, "ನೋಡಮ್ಮ, ದಿನಕ್ಕೆ ಅರ್ಧ ಲೀಟರ್ ಹಾಲು ಉಳಿಸಿದ್ರೂ ಸಾಕು, ಹನಿ ಹನಿ ಕೂಡಿದ್ರೆ ಹಳ್ಳ" ಅಂದರು. ನಾನು ಅಕೌಂಟ್ಸ್ ಕೆಲಸದವಳು. ಮನೆಗೆ ಬಂದು ಲೆಕ್ಕ ಹಾಕಿಯೇಬಿಟ್ಟೆ.

ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 46 ರೂಪಾಯಿ ಆಯಿತು. ಆ ಲೆಕ್ಕದಲ್ಲಿ ಅರ್ಧ ಲೀಟರಿಗೆ 23. ತಿಂಗಳಿಗೆ 690, ವರ್ಷಕ್ಕೆ 8,280.

ಈಗ ಮನೆ ಕಡೆ ಬನ್ನಿ. ಕೆಂಗೇರಿ ಆಚೆ, ಮಾಗಡಿ ರೋಡಿನ ಆಚೆ ನಾವು ನೋಡುತ್ತಿರುವ ಎರಡು ಬೆಡ್‌ರೂಮಿನ ಫ್ಲ್ಯಾಟ್ 60 ಲಕ್ಷ ಅಂತ ಇಟ್ಟುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಸಾಲವಾದರೆ ಬ್ಯಾಂಕು ಮನೆ ಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ, ಅದು ಆರ್‌ಬಿಐ ನಿಯಮ. ಅಂದರೆ 48 ಲಕ್ಷ ಸಾಲ, 12 ಲಕ್ಷ ಕೈಯಿಂದ. ಆ ಶೇ. 80ರ ಲೆಕ್ಕದಲ್ಲಿ ರಿಜಿಸ್ಟ್ರೇಷನ್ ಖರ್ಚು ಸೇರುವುದಿಲ್ಲ, ಅದೂ ನಮ್ಮದೇ ಜೇಬಿನಿಂದ. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿದರೆ 5.6. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಮಾಡಿದರು. ಒಟ್ಟು ಶೇ. 7.6, ಅಂದರೆ 4 ಲಕ್ಷ 56 ಸಾವಿರ. ಕೈಯಲ್ಲಿ ಇರಬೇಕಾದ್ದು 16 ಲಕ್ಷ 56 ಸಾವಿರ. ಇದನ್ನು 8,280ರಿಂದ ಭಾಗಿಸಿ ನೋಡಿ. ಸರಿಯಾಗಿ 200 ವರ್ಷ ಬರುತ್ತದೆ. ನಾನು ಬೇಕಂತ ಹೊಂದಿಸಿದ್ದಲ್ಲ, ಲೆಕ್ಕವೇ ಹಾಗೆ ಬಂತು.

ಇನ್ನೊಂದು ನೋಡಿ. ಆ ನೋಂದಣಿ ಶುಲ್ಕ ಒಂದು ಪರ್ಸೆಂಟ್ ಏರಿತಲ್ಲ, ಅದೊಂದರಿಂದಲೇ ನಮ್ಮ ಮನೆಗೆ 60 ಸಾವಿರ ಜಾಸ್ತಿ ಆಯಿತು. ಏಳು ವರ್ಷ ಹಾಲು ಬಿಟ್ಟರೂ ಅದು ಸರಿಹೋಗುವುದಿಲ್ಲ. ಬಡ್ಡಿ ವಿಷಯ ಹೇಳಲೇಬೇಡಿ. 48 ಲಕ್ಷಕ್ಕೆ ಶೇ. 8ರ ಬಡ್ಡಿ, 20 ವರ್ಷ ಅಂತ ಹಿಡಿದರೆ ತಿಂಗಳಿಗೆ ಇಎಂಐ 40 ಸಾವಿರದ ಚಿಲ್ಲರೆ, ಕೊನೆಗೆ ಕಟ್ಟಿದ ಬಡ್ಡಿಯೇ ಇನ್ನೊಂದು 48 ಲಕ್ಷ. ಇಷ್ಟು ದೊಡ್ಡ ಅಂಕಿಗಳ ಮುಂದೆ ಕೂತು ನಾವು ಮಕ್ಕಳ ಹಾಲಿನ ಲೋಟ ನೋಡುತ್ತೇವೆ, ಅಲ್ವಾ?

ಹಾಗಂತ ಮಿತವ್ಯಯ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಇಬ್ಬರ ಸಂಬಳ ಸೇರಿ ಕೈಗೆ ಬರುವುದು 92 ಸಾವಿರ, ಇದರಲ್ಲಿ ಮನೆ ಮಾಡಬೇಕು ಅಂದರೆ ಕೈ ಹಿಡಿಯದೆ ಆಗುವುದಿಲ್ಲ. ನನ್ನ ತಕರಾರು ಕೈ ಎಲ್ಲಿ ಹಿಡಿಯಬೇಕು ಅನ್ನುವುದರ ಬಗ್ಗೆ. ನಮ್ಮ ಕಡೆ "ಖರ್ಚು ಕಡಿಮೆ ಮಾಡೋಣ" ಅಂತ ಗಂಡಸರು ತೀರ್ಮಾನ ಮಾಡಿದ ದಿನ ಕಡಿಮೆ ಆಗುವುದು ಅಡುಗೆಮನೆ ಖರ್ಚು. ಅಡುಗೆಮನೆ ಖರ್ಚು ಕಡಿಮೆ ಅಂದರೆ ಗಂಡನ ತಟ್ಟೆ, ಮಕ್ಕಳ ತಟ್ಟೆ ಹಾಗೆಯೇ ಇರುತ್ತದೆ, ಕೊನೆಗೆ ಕೂತು ಉಣ್ಣುವವಳ ತಟ್ಟೆಯಲ್ಲಿ ಪಲ್ಯ ಇರುವುದಿಲ್ಲ. ಬೆಳಗ್ಗೆ ಎಲ್ಲರಿಗೂ ಕಾಫಿ ಕೊಟ್ಟು ಉಳಿದ ಡಿಕಾಕ್ಷನ್‌ಗೆ ಒಂದು ಚಮಚ ಹಾಲು ತೋರಿಸಿಕೊಂಡು ಕುಡಿದು "ನಂಗೆ ಹಿಂಗೇ ಇಷ್ಟ" ಅನ್ನುವ ಹೆಂಗಸರನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅದು ಇಷ್ಟ ಅಲ್ಲ ರೀ. ನಮ್ಮ ಪಕ್ಕದ ಮನೆಯವರು ಹಲ್ಲು ನೋವನ್ನು ಸೈಟಿನ ಕಂತು ಮುಗಿಯಲಿ, ಮುಗಿಯಲಿ ಅಂತ ಮುಂದೂಡಿದರು. ಬರೀ ಫಿಲ್ಲಿಂಗ್‌ನಲ್ಲಿ ಹೋಗುತ್ತಿದ್ದದ್ದು ರೂಟ್ ಕೆನಾಲ್, ಮೇಲೊಂದು ಕ್ಯಾಪ್ ಅಂತ ಹತ್ತು ಪಟ್ಟು ಆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸರಿ, ಆದರೆ ಕಾಲು ಮಡಚಿಕೊಂಡು ಮಲಗುವವರು ಯಾವಾಗಲೂ ಒಬ್ಬರೇ ಆದರೆ ಹೇಗೆ?

ನಮ್ಮ ಮನೆಯಲ್ಲಿ ದುಡ್ಡು ಉಳಿದದ್ದು ಬೇರೆ ಕಡೆ. ಮೊದಲನೆಯದು ಬಾಡಿಗೆ. ವಿಜಯನಗರದಲ್ಲಿ 22 ಸಾವಿರ ಕೊಡುತ್ತಿದ್ದೆವು. ಮೆಟ್ರೋ ಹತ್ತಿರ, ಮಾರ್ಕೆಟ್ ಹತ್ತಿರ, ಎಲ್ಲಾ ಸರಿ. ಆದರೆ ನಮ್ಮನೆಯವರ ಕೆಲಸ ಪೀಣ್ಯದಲ್ಲಿ, ನನ್ನದು ರಾಜಾಜಿನಗರದಲ್ಲಿ. ಮೆಟ್ರೋದಿಂದ ನಮಗೆ ಅಂಥ ಉಪಯೋಗವೇನೂ ಇರಲಿಲ್ಲ, ಸುಮ್ನೆ ಏರಿಯಾ ಹೆಸರಿಗೆ ಕೊಡುತ್ತಿದ್ದ ದುಡ್ಡು. ಸುಂಕದಕಟ್ಟೆ ಕಡೆ ಒಳಗಿನ ರಸ್ತೆಯಲ್ಲಿ 16 ಸಾವಿರಕ್ಕೆ ಅಷ್ಟೇ ದೊಡ್ಡ ಮನೆ ಸಿಕ್ಕಿತು. ವರ್ಷಕ್ಕೆ 72 ಸಾವಿರ ಉಳಿತಾಯ, ಯಾರೂ ಒಂದು ತುತ್ತು ಬಿಡಲಿಲ್ಲ. ಹಳೆ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರು, ಗೋಡೆಗೆ ನಾವು ಒಂದು ಮೊಳೆ ಹೊಡೆದಿರಲಿಲ್ಲ. ಇರಲಿ, ಈ ಊರಲ್ಲಿ ಅದನ್ನು ಕೇಳಿಕೊಂಡು ಕೂತರೆ ಆಗುವುದಿಲ್ಲ.

"ಭೋಗ್ಯಕ್ಕೆ ಹೋಗ್ಬಿಡಿ, ಬಾಡಿಗೆನೇ ಇರಲ್ಲ" ಅಂತ ತುಂಬಾ ಜನ ಹೇಳಿದರು. ಬೆಂಗಳೂರಿನವರಿಗೆ ಗೊತ್ತಿರುವ ಪದ್ಧತಿಯೇ, 12-15 ಲಕ್ಷ ಒಟ್ಟಿಗೆ ಓನರ್ ಕೈಗೆ ಕೊಟ್ಟು ಎರಡು ಮೂರು ವರ್ಷ ಇರುವುದು, ಹೋಗುವಾಗ ವಾಪಸ್ ಪಡೆಯುವುದು. ಕೇಳೋಕೆ ಚೆನ್ನಾಗಿದೆ. ಆದರೆ ಮನೆಗೆ ಅಂತ ಕೂಡಿಟ್ಟ ಅಷ್ಟೂ ಗಂಟು ಇನ್ನೊಬ್ಬರ ಕೈಯಲ್ಲಿ ಬಡ್ಡಿ ಇಲ್ಲದೆ ಕೂತಿರುತ್ತದೆ. ಒಳ್ಳೆ ಫ್ಲ್ಯಾಟ್ ಕಣ್ಣಿಗೆ ಬಿದ್ದಾಗ "ಮುಂದಿನ ಪಾರ್ಟಿ ಬರಲಿ, ಆಮೇಲೆ ಕೊಡ್ತೀನಿ" ಅಂದರೆ ಮುಗಿಯಿತು. ಹೋಗಲೇಬೇಕು ಅಂದರೆ ಕರಾರು ನೋಂದಣಿ ಮಾಡಿಸಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು ಅಂತ ಕಾನೂನೇ ಇದೆ. ಬಾಡಿಗೆ ಅಗ್ರಿಮೆಂಟೆಲ್ಲ 11 ತಿಂಗಳದ್ದೇ ಇರುವುದು ಅದಕ್ಕೇ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ಆ ಮನೆ ಮೇಲೆ ಸಾಲ ಇದೆಯಾ ನೋಡಿ. ಇಷ್ಟು ಕೇಳಿದರೆ ಮುಖ ಗಂಟಿಕ್ಕುವ ಓನರ್ ಇದ್ದರೆ ಅಲ್ಲಿಂದಲೇ ನಮಸ್ಕಾರ ಹಾಕಿ ಬನ್ನಿ.

ಎರಡನೆಯದು ತಗೊಳ್ಳದೆ ಬಿಟ್ಟ ಕಾರು. ಇದರ ಬಗ್ಗೆ ನಮ್ಮನೆಯಲ್ಲಿ ಜೋರಾಗಿಯೇ ಜಗಳ ಆಗಿದೆ. "ಊರಿಗೆ ಹೋಗೋಕೆ ಬೇಕಲ್ವಾ" ಅಂತ ನಮ್ಮನೆಯವರ ವಾದ. ಊರು ಅಂದರೆ ಚನ್ನರಾಯಪಟ್ಟಣದ ಹತ್ತಿರ. ಹಬ್ಬಕ್ಕೆ, ಜಾತ್ರೆಗೆ, ಯಾರಾದರೂ ಹೋದರೆ ತಿಥಿಗೆ. ಅಷ್ಟಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋದರೂ ಕಾರಿನ ಇಎಂಐ, ಇನ್ಶೂರೆನ್ಸ್, ಸರ್ವಿಸ್ ಮುಂದೆ ಅದು ಏನೂ ಅಲ್ಲ. ಕಾರು ಮನೆ ಮುಂದೆ ನಿಂತಿರುತ್ತದೆ, ದುಡ್ಡು ಓಡುತ್ತಿರುತ್ತದೆ. ಅವರು ಒಪ್ಪಿದ್ದಾರೆ ಅಂತ ಹೇಳಲಾರೆ, ಸದ್ಯಕ್ಕೆ ಸುಮ್ಮನಾಗಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಫಂಕ್ಷನ್‌ಗಳು. ಯಾವ ಬಜೆಟ್ ವಿಡಿಯೋದಲ್ಲೂ ಇದನ್ನು ಹೇಳುವುದಿಲ್ಲ. ಮದುವೆ ಸೀಸನ್‌ನಲ್ಲಿ ಒಂದೇ ಭಾನುವಾರ ಎರಡು ಕಡೆ ಮುಯ್ಯಿ. ಹತ್ತಿರದವರಾದರೆ ಸೀರೆ, ಇನ್ನೂ ಹತ್ತಿರದವರಾದರೆ ಬೆಳ್ಳಿ. ಅವರು ನಮಗೆ ಎಷ್ಟು ಹಾಕಿದ್ದರು ಅಂತ ಅತ್ತೆ ಹಳೆ ಪಟ್ಟಿ ತೆಗೆದು ನೋಡುತ್ತಾರೆ, ಅದಕ್ಕಿಂತ ನೂರು ರೂಪಾಯಿ ಕಡಿಮೆ ಆದರೂ ಮರ್ಯಾದೆ ಪ್ರಶ್ನೆ. ಹಾಲಿನಲ್ಲಿ 23 ರೂಪಾಯಿ ಉಳಿಸು ಅನ್ನುವವರೇ ಇಲ್ಲಿ "ಐದು ಸಾವಿರಕ್ಕೆಲ್ಲ ಯೋಚನೆ ಮಾಡ್ತಾರಾ" ಅನ್ನುತ್ತಾರೆ. ನಾವು ತಿಂಗಳಿಗೆ 3 ಸಾವಿರ ಅಂತ ಇದಕ್ಕೇ ಬೇರೆ ತೆಗೆದಿಡುತ್ತೇವೆ. ಫಂಕ್ಷನ್ ಇಲ್ಲದ ಆಷಾಢದಲ್ಲಿ ಸ್ವಲ್ಪ ಉಳಿಯುತ್ತದೆ, ಶ್ರಾವಣದಲ್ಲಿ ಅದೂ ಖಾಲಿ. ಡಬ್ಬಿ ಖಾಲಿಯಾದ ಮೇಲೆ ಹೋಗುವ ಮದುವೆಗೆ ಹೋಗಿ, ಊಟ ಮಾಡಿ, 501 ಹಾಕಿ ಬರುತ್ತೇವೆ. ಒಬ್ಬಿಬ್ಬರು ಮಾತು ಕಡಿಮೆ ಮಾಡಿದ್ದಾರೆ. ಪರವಾಗಿಲ್ಲ.

ಉಳಿದ ದುಡ್ಡನ್ನು ಹಿಡಿದಿಡುವುದು ಇನ್ನೊಂದು ಕಥೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನನ್ನ ಬಿಎಂಟಿಸಿ ಪಾಸಿನ ಖರ್ಚು ನಿಂತಿತು, ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರತೊಡಗಿತು. ಆದರೂ ತಿಂಗಳ ಕೊನೆಗೆ ಅಕೌಂಟ್‌ನಲ್ಲಿ ಅಷ್ಟೇ ಇರುತ್ತಿತ್ತು! ಉಳಿದ ದುಡ್ಡು ಉಳಿದ ಕ್ಷಣವೇ ಬೇರೆ ಕಡೆ ಹೋಗದಿದ್ದರೆ ಕರಗುತ್ತದೆ. ಹಾಗಾಗಿ ಈಗ ಮಾಡುತ್ತಿರುವುದು ಇಷ್ಟೇ. ಮುಂದೆ ಇಎಂಐ 40 ಸಾವಿರ ಬರುತ್ತದೆ ಅಂತ ಅಂದಾಜು, ಈಗ ಬಾಡಿಗೆ 16 ಸಾವಿರ, ನಡುವಿನ 24 ಸಾವಿರ ಸಂಬಳ ಬಂದ ಮಾರನೇ ದಿನವೇ ಆರ್‌ಡಿಗೆ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ) ಹೋಗುತ್ತದೆ. ವರ್ಷಕ್ಕೆ 2 ಲಕ್ಷ 88 ಸಾವಿರ ಸೇರುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ, ಇಎಂಐ ಕಟ್ಟುತ್ತಾ ಬದುಕುವುದು ಹೇಗಿರುತ್ತದೆ ಅಂತ ಸಾಲ ಮಾಡುವ ಮುಂಚೆಯೇ ಗೊತ್ತಾಗುತ್ತದೆ. ಈ 24 ಸಾವಿರಕ್ಕೇ ಉಸಿರು ಕಟ್ಟಿದರೆ 60 ಲಕ್ಷದ ಮನೆ ನಮಗಲ್ಲ, 50ರದ್ದು ನೋಡಬೇಕು. ಅದರ ಮೇಲೆ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಬೇರೆ ಬರುತ್ತದೆ, ಬಾಡಿಗೆ ತಪ್ಪಿತು ಅನ್ನುವ ಖುಷಿಯಲ್ಲಿ ಅದನ್ನು ಎಲ್ಲರೂ ಮರೆಯುತ್ತಾರೆ.

ಚೀಟಿ ಯಾಕೆ ಹಾಕಬಾರದು ಅಂತ ಕೇಳುತ್ತೀರಿ, ಗೊತ್ತು. ನೋಂದಣಿ ಆಗಿರುವ ಚೀಟಿ ಕಂಪನಿಗಳಿಗೆ 1982ರ ಕಾನೂನು ಇದೆ, ಅಲ್ಲಿ ಹಾಕುವವರು ಹಾಕಲಿ. ಬೀದಿಯ ಅಕ್ಕ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಡೆಸುವ ಚೀಟಿಗೆ ಮನೆಯ ದುಡ್ಡು ಹಾಕಲು ನನಗಂತೂ ಧೈರ್ಯ ಇಲ್ಲ. ಚಿನ್ನದ ಬಗ್ಗೆ ನಾನು ಮಾತಾಡುವುದಿಲ್ಲ. ವೇಸ್ಟೇಜು, ಮೇಕಿಂಗು ಅಂತ ನಾನು ಬೇಡ ಅಂದಿದ್ದೆ. ಈಗಿನ ರೇಟ್ ನೋಡಿ ಅತ್ತೆ ವಾರಕ್ಕೊಮ್ಮೆ "ಅವತ್ತೇ ತಗೊಂಡಿದ್ರೆ..." ಅಂತ ವಾಕ್ಯ ಅರ್ಧಕ್ಕೆ ಬಿಡುತ್ತಾರೆ.

ಅಡುಗೆಮನೆಗೆ ನಾವು 14 ಸಾವಿರ ಅಂತ ಇಟ್ಟಿದ್ದೇವೆ, ಹಾಲು, ಗ್ಯಾಸು, ಹಣ್ಣು ಎಲ್ಲಾ ಸೇರಿ. ಅದನ್ನು ಮುಟ್ಟುವ ಹಾಗಿಲ್ಲ ಅನ್ನುವುದು ನನ್ನ ಒಂದೇ ಶರತ್ತು. ಹಾಗಂತ ಬೇಕಾಬಿಟ್ಟಿ ನಡೆಯುವುದಿಲ್ಲ. ರಾಗಿ ಊರಿಂದ ಬರುತ್ತದೆ, ಇಲ್ಲಿ ಮಿಲ್ಲಿಗೆ ಹಾಕಿಸುತ್ತೇವೆ. ಸಾರಿನ ಪುಡಿ ಬೇಸಿಗೆಯಲ್ಲಿ ಒಂದೇ ಸಲ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿದುಕಿದ ಬೇಳೆಯನ್ನು ಅಂಗಡಿಯಲ್ಲಿ ರೆಡಿ ತಂದರೆ ರೇಟ್ ಕೇಳಿಯೇ ಹೊಟ್ಟೆ ತುಂಬುತ್ತದೆ, ಅದಕ್ಕೆ ಕಾಯಿಯನ್ನೇ ಮೂಟೆಯಲ್ಲಿ ತಂದು ರಾತ್ರಿ ಟಿವಿ ಮುಂದೆ ಪೇಪರ್ ಹಾಸಿಕೊಂಡು ನಾಲ್ಕೂ ಜನ ಕೂತು ಬಿಡಿಸುತ್ತೇವೆ, ಕಾಳು ನೀರಿಗೆ ಹಾಕಿ ಬೆಳಗ್ಗೆ ಹಿದುಕುವುದು ಮಗನ ಕೆಲಸ, ಅವನು ಅರ್ಧ ಕಾಳನ್ನು ತಂಗಿ ಮುಖಕ್ಕೆ ಹಾರಿಸುತ್ತಾನೆ. ನಾಲ್ಕೂ ಜನ ಅಂದೆ, ಗಮನಿಸಿ. ಮಿತವ್ಯಯಕ್ಕೆ ಹಿಡಿಯುವ ದುಡಿಮೆಯನ್ನೂ ಹಂಚಿಕೊಳ್ಳಬೇಕಲ್ಲ. ಹೊರಗಿಂದ ತರುವುದನ್ನು ನಿಲ್ಲಿಸಿ ಎಲ್ಲವನ್ನೂ ಮನೆಯಲ್ಲೇ ಮಾಡೋಣ ಅನ್ನುವುದು ಸುಲಭ, ಮಾಡುವವರು ಯಾರು?

ಇನ್ನೊಂದು ಏರ್ಪಾಡು ಇದೆ, ಇದನ್ನು ಓದಿ ಕೆಲವರು ನಗಬಹುದು. ಇಬ್ಬರಿಗೂ ತಿಂಗಳಿಗೆ ತಲಾ 1,500 ಲೆಕ್ಕ ಕೇಳದ ದುಡ್ಡು. ಅವರು ಗೆಳೆಯರ ಜೊತೆ ಏನು ತಿಂದರು, ನಾನು ಯಾವ ಕುರ್ತಾ ತಗೊಂಡೆ, ಯಾರೂ ಕೇಳುವ ಹಾಗಿಲ್ಲ. ನನ್ನ ಬಸ್ ಪಾಸಿನ ದುಡ್ಡು ಕೊನೆಗೆ ಹೋಗಿ ಸೇರಿದ್ದು ಇಲ್ಲಿಗೇ. ಸಂಬಳ ದುಡಿಯುವ ಹೆಂಗಸರೂ ಹೂವಿನ ದುಡ್ಡಿಗೆ ಲೆಕ್ಕ ಒಪ್ಪಿಸುವುದನ್ನು ನೋಡಿದ್ದೇನೆ. ಊರಲ್ಲಿ ಅತ್ತೆಗೆ ಗೃಹಲಕ್ಷ್ಮಿಯ 2 ಸಾವಿರ ಬರುತ್ತದಲ್ಲ, ಅದು ಬಂದ ಮೇಲೆ ಅವರ ಮಾತಿನ ಗತ್ತೇ ಬದಲಾಗಿದೆ. ಅದನ್ನೂ ಮನೆ ಗಂಟಿಗೆ ಸೇರಿಸೋಣವಾ ಅಂತ ನಮ್ಮನೆಯವರು ಒಂದು ಸಲ ಕೇಳಿದರು. ನಾನು ನೋಡಿದ ನೋಟಕ್ಕೆ ಮತ್ತೆ ಕೇಳಿಲ್ಲ.

ಕೊನೆಯದಾಗಿ, ಜಿಪುಣತನ ಮಾಡಲೇಬಾರದ ಜಾಗ ಒಂದಿದೆ. ಕಾಗದ ಪತ್ರ. ವರ್ಷಗಟ್ಟಲೆ ಹಲ್ಲು ಕಚ್ಚಿ ಕೂಡಿಟ್ಟವರು ವಕೀಲರಿಗೆ ಕೊಡುವ ಕೆಲವು ಸಾವಿರಕ್ಕೆ ಹಿಂದೆ ಮುಂದೆ ನೋಡುತ್ತಾರೆ. ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಆನ್‌ಲೈನ್ ದಾಖಲೆ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಅನುಮತಿಗಳೆಲ್ಲ ಸರಿ ಇರುವ ಎ ಖಾತಾನಾ ಸರಿ ಇಲ್ಲದ ಬಿ ಖಾತಾನಾ, ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪತ್ರ) ಇದೆಯಾ, ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ರೇರಾದ ನಂಬರ್ ಇದೆಯಾ, ಎಲ್ಲಾ ನೋಡಬೇಕು. ಕಟ್ಟುತ್ತಿರುವ ಮನೆಯಾದರೆ ಶೇ. 5 ಜಿಎಸ್‌ಟಿ, 60 ಲಕ್ಷಕ್ಕೆ 3 ಲಕ್ಷ. ಕಟ್ಟಿ ಮುಗಿದು ಒಸಿ ಸಿಕ್ಕ ಮನೆಗೆ ಅದು ಇಲ್ಲ. ಅಗ್ರಿಮೆಂಟ್ ನೋಂದಣಿ ಆಗುವ ಮುಂಚೆ ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂತ ರೇರಾ ಕಾಯ್ದೆಯಲ್ಲೇ ಇದೆ. "ಇವತ್ತೇ 10 ಲಕ್ಷ ಕಟ್ಟಿ, ಆಫರ್ ನಾಳೆ ಮುಗಿಯತ್ತೆ" ಅಂತ ನಮಗೂ ಒಂದು ಕಡೆ ಹೇಳಿದರು. ಎದ್ದು ಬಂದೆವು.

ಮನೆ ಯಾವಾಗ ಆಗುತ್ತದೋ ಗೊತ್ತಿಲ್ಲ, ಗೃಹಪ್ರವೇಶದ ಚರ್ಚೆ ಮಾತ್ರ ಈಗಲೇ ಶುರುವಾಗಿದೆ. ಮನೆಗೆ ಹೋಮ್ ಲೋನ್, ಗೃಹಪ್ರವೇಶಕ್ಕೆ ಪರ್ಸನಲ್ ಲೋನ್ ಮಾಡಿದವರನ್ನು ಕಣ್ಣಾರೆ ನೋಡಿರುವುದರಿಂದ, ಗಣಹೋಮ ಮಾಡಿಸಿ ಹಾಲು ಉಕ್ಕಿಸಿ ಮನೆಯವರಷ್ಟೇ ಊಟ ಮಾಡೋಣ ಅಂದೆ. ಅತ್ತೆ ಪಟ್ಟಿ ಬರೆದಿಟ್ಟಿದ್ದಾರೆ, ನಾನೂರು ಜನ ಇದ್ದಾರೆ ಅದರಲ್ಲಿ. ಈಗಾಗಲೇ ಕೂಡಿಟ್ಟದ್ದನ್ನೂ ಸೇರಿಸಿದರೆ, ಆರ್‌ಡಿ ಲೆಕ್ಕದ ಪ್ರಕಾರ ಆ ಜಗಳಕ್ಕೆ ನಮಗಿನ್ನೂ ನಾಲ್ಕು ವರ್ಷ ಟೈಮ್ ಇದೆ.