ಕಾಯ್ ಪಾಹಿಜೆ?

ಅಪ್ಪಯ್ಯನಿಗೆ ನಾನು 19 ದಿನ ಸುಳ್ಳು ಹೇಳಿದೆ. ಕ್ಯಾನ್ಸರ್ ಅಂತ ಬರೆದ ಬಯಾಪ್ಸಿ ರಿಪೋರ್ಟ್ ನನ್ನ ಆಫೀಸ್ ಬ್ಯಾಗಿನಲ್ಲಿತ್ತು. ಮನೆಯಲ್ಲಿ ಮಾತ್ರ “ಅನ್ನನಾಳದಲ್ಲಿ ಸಣ್ಣ ಹುಣ್ಣಾಗಿದೆ, ಮಾತ್ರೆಯಲ್ಲಿ ಹೋಗುತ್ತೆ” ಅಂದಿದ್ದೆ. ಹೆಂಡತಿಗೆ ಗೊತ್ತಿತ್ತು. ಬಹರೈನ್‌ನಲ್ಲಿರುವ ಅಣ್ಣನಿಗೆ ಗೊತ್ತಿತ್ತು. ಕೋಟೇಶ್ವರದ ಅಕ್ಕನಿಗೆ ಗೊತ್ತಿತ್ತು, ಅಕ್ಕನ ದೆಸೆಯಿಂದ ಅರ್ಧ ಊರಿಗೆ ಗೊತ್ತಾಗಿತ್ತು. ಕಾಯಿಲೆ ಬಂದವರಿಗೊಬ್ಬರಿಗೆ ಗೊತ್ತಿಲ್ಲ ಅಂತ ನಾವೆಲ್ಲ ನಂಬಿದ್ದೆವು.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ. ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯಿಂದ 15ನೇ ವಯಸ್ಸಿಗೆ ಮುಂಬೈ ಬಸ್ಸು ಹತ್ತಿದವರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಅಷ್ಟರಲ್ಲಿ ಅವರ ಅರ್ಧ ಆಯುಸ್ಸು ಬಸ್ಸಿನಲ್ಲೇ ಕಳೆದಿತ್ತು. ಉಡುಪಿ ಹೋಟೆಲ್‌ನಲ್ಲಿ ಟೇಬಲ್‌ಗೆ ಫಡ್ಕಾ (ಒರೆಸುವ ಬಟ್ಟೆ) ಹೊಡೆಯುವ ಹುಡುಗನಾಗಿ ಸೇರಿದರು. ರಾತ್ರಿ ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದರು. ಆಮೇಲೆ ವೇಟರ್. ಕೊನೆಯ 22 ವರ್ಷ ಪರೇಲ್‌ನ ಒಂದು ಹೋಟೆಲ್‌ನಲ್ಲಿ ಗಲ್ಲಾ ಮೇಲೆ ಕೂತರು. ಆ ಹೋಟೆಲ್ ಇದ್ದಿದ್ದು ಟಾಟಾ ಕ್ಯಾನ್ಸರ್ ಆಸ್ಪತ್ರೆಯಿಂದ ಕೂಗಳತೆಯಲ್ಲಿ.

ಇದನ್ನು ಮರೆತು ನಾನು ಅವರಿಗೆ “ನಾಳೆ ಟಾಟಾಕ್ಕೆ ಹೋಗಿ ಸುಮ್ನೆ ಒಮ್ಮೆ ತೋರಿಸಿಕೊಂಡು ಬರೋಣ” ಅಂದೆ ನೋಡಿ. ಅಪ್ಪಯ್ಯ ಪೇಪರ್ ಮಡಚಿಟ್ಟರು. “ಹುಣ್ಣಿಗೆ ಯಾರಾದ್ರೂ ಟಾಟಾಕ್ಕೆ ಹೋತ್ರಾ ಮಾರಾಯಾ? ಇಪ್ಪತ್ತೆರಡ್ ವರ್ಷ ಅದ್ರ ಎದ್ರಿಗೆ ಕೂತವ ನಾನ್.”

ಅಷ್ಟೇ. ಮತ್ತೆ ಪೇಪರ್ ಬಿಡಿಸಿದರು.

ಶುರುವಾಗಿದ್ದು ಇಡ್ಲಿಯಿಂದ. ಜನ್ಮವಿಡೀ ಎರಡೇ ನಿಮಿಷದಲ್ಲಿ ನಾಲ್ಕು ಇಡ್ಲಿ ಮುಗಿಸಿ ಎದ್ದವರು, ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ಕಿವುಚಿ ನುಂಗತೊಡಗಿದರು. ಚಪಾತಿ ಬಿಟ್ಟರು. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಮೊದಲು ಗಮನಿಸಿದ್ದು ನನ್ನ ಹೆಂಡತಿ. ನಾನು “ವಯಸ್ಸಾಯ್ತಲ್ಲ, ಹಲ್ಲಿಲ್ಲ” ಅಂದೆ. ಎರಡು ತಿಂಗಳು ಆ್ಯಸಿಡಿಟಿ ಮಾತ್ರೆ ನುಂಗಿಸಿದೆವು. ಇಲ್ಲೊಂದು ಮಾತು ದಯವಿಟ್ಟು ನೆನಪಿಡಿ. ಮನೆಯಲ್ಲಿ ಹಿರಿಯರು ಗಟ್ಟಿ ಪದಾರ್ಥ ಗಂಟಲಲ್ಲಿ, ಎದೆಯಲ್ಲಿ ಸಿಕ್ಕಿಕೊಳ್ಳುತ್ತೆ ಅಂದರೆ ಮಾತ್ರೆಯಲ್ಲಿ ಕಾಲ ಕಳೆಯಬೇಡಿ, ಎಂಡೋಸ್ಕೋಪಿ ಮಾಡಿಸಿ. ಹತ್ತು ನಿಮಿಷದ ಕೆಲಸ ಅದು.

ಎಂಡೋಸ್ಕೋಪಿ ಮಾಡಿದ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಅನ್ನನಾಳದ ಮಧ್ಯದಲ್ಲಿ ಗಡ್ಡೆ, ದೊಡ್ಡ ಆಪರೇಷನ್ ಬೇಕು, ಈ ವಾರವೇ ಅಡ್ಮಿಟ್ ಮಾಡಿ ಅಂದರು. ಪೆಟ್ ಸ್ಕ್ಯಾನ್ ಇನ್ನೂ ಆಗಿರಲಿಲ್ಲ. ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಅಂತ ಯಾರಿಗೂ ತಿಳಿದಿರಲಿಲ್ಲ. ಅಪ್ಪಯ್ಯ ಹೊರಗೆ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿಟ್ಟು ಕೂತಿದ್ದರು. ಬಾಗಿಲು ಮುಚ್ಚಿದ ಆ ಕೋಣೆಯಲ್ಲಿ ಅವರ ಎದೆ ಸೀಳುವ ಮಾತಾಗುತ್ತಿತ್ತು, ನಾನೂ ತಲೆಯಾಡಿಸುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಆಮೇಲೆ ಶುರುವಾಯಿತು ಫ್ಯಾಮಿಲಿ ಗ್ರೂಪಿನ ವೈದ್ಯಕೀಯ. ಅಣ್ಣ ಬಹರೈನ್‌ನಿಂದ ಆಡಿಯೋ ಕಳಿಸಿದ: “ದುಡ್ಡಿನ ಮುಖ ನೋಡಬೇಡ, ಬೆಸ್ಟ್ ಸರ್ಜನ್ ಹಿಡಿ.” ಅಕ್ಕನಿಗೆ ಊರಿನ ಕಡೆಯ ನಾಟಿ ಮದ್ದು. ಒಬ್ಬ ಭಾವ ಲಕ್ಷ್ಮಣ ಫಲದ ಫಾರ್ವರ್ಡ್ ಹಾಕಿದರು, ಇನ್ನೊಬ್ಬರು ಗೋಧಿ ಹುಲ್ಲಿನ ರಸ. ಚಿಕ್ಕಪ್ಪ ನೇರವಾಗಿಯೇ ಹೇಳಿದರು: “ಎಲ್ಲಾ ಮಾಡ್ಸಿ ಆಯ್ತಪ್ಪ ಅನ್ನೋ ಹಾಗಿರಬೇಕು. ನಾಳೆ ಯಾರೂ ಬೊಟ್ಟು ಮಾಡಬಾರದು.”

ಈ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ವಯಸ್ಸಾದವರ ಚಿಕಿತ್ಸೆಯ ಅರ್ಧ ತೀರ್ಮಾನಗಳು ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬರುವವರ ಬಾಯಿಗೆ ಹೆದರಿ ಆಗುತ್ತವೆ. ಐಸಿಯುಗೆ ಹಾಕಿದ್ರಾ, ದೊಡ್ಡ ಡಾಕ್ಟ್ರಿಗೆ ತೋರಿಸಿದ್ರಾ, ಆಪರೇಷನ್ ಮಾಡಿಸ್ಲಿಲ್ವಾ? ಮಕ್ಕಳು ಈ ಪ್ರಶ್ನೆಗಳಿಗೆ ಉತ್ತರ ರೆಡಿ ಮಾಡಿಕೊಳ್ಳುತ್ತಾರೆ. ನೋವು ತಿನ್ನುವವರು ಅಪ್ಪ, ಉತ್ತರ ನಮಗೆ. ನಾನೇನು ಬೇರೆಯವನಲ್ಲ. ದೂರದಲ್ಲಿರುವ ಅಣ್ಣನಿಗೆ ಜಾಸ್ತಿ ಆಪರೇಷನ್ ಬೇಕು ಅನ್ನಿಸಿದ್ದು ಯಾಕೆ ಅಂತಲೂ ನನಗೆ ಅರ್ಥವಾಗುತ್ತೆ. ಜೊತೆಯಲ್ಲಿ ಇರಲಾಗದವನು ಇನ್ನೇನು ಕೊಟ್ಟಾನು? ದುಡ್ಡು ಕೊಡುತ್ತಾನೆ.

ಟಾಟಾಕ್ಕೆ ಹೋದೆವು. 1941ರಲ್ಲಿ ಶುರುವಾದ ಆಸ್ಪತ್ರೆ, ದೇಶದ ಮೂಲೆಮೂಲೆಯ ಜನ. ಹೊರಗೆ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಇರುವ ಸಂಸಾರಗಳನ್ನು ಅಪ್ಪಯ್ಯ ನನ್ನ ಹಾಗೆ ತಲೆ ತಿರುಗಿಸದೆ ನಿಂತು ನೋಡಿದರು. ಹೋಟೆಲ್ ದಿನಗಳಲ್ಲಿ ಬಿಹಾರದಿಂದ, ಬಂಗಾಳದಿಂದ ಬಂದವರು ಬಿಸಿನೀರು ಕೇಳಿಕೊಂಡು ಬರುತ್ತಿದ್ದರಂತೆ. ಬೇಳೆ ಕಟ್ಟು, ತೆಳು ಅನ್ನ, ಹಾಲು ಪಾರ್ಸೆಲ್. ಯಾವ ಪಾರ್ಸೆಲ್ ಯಾವ ಕಾಯಿಲೆಗೆ ಅಂತ ಗಲ್ಲಾದಲ್ಲಿ ಕೂತೇ ಹೇಳುವಷ್ಟು ಅಭ್ಯಾಸವಾಗಿತ್ತು ಅವರಿಗೆ. ಬರಬರುತ್ತಾ ಪಾರ್ಸೆಲ್ ತೆಳುವಾಗುತ್ತಿತ್ತು, ಒಂದು ದಿನ ಪಾರ್ಸೆಲ್ ಒಯ್ಯುವವರೇ ಬರುತ್ತಿರಲಿಲ್ಲ. ಅಂಥವರ ಹತ್ತಿರ ನಾನು ರಿಪೋರ್ಟ್ ಬಚ್ಚಿಟ್ಟಿದ್ದೆ.

ಅಲ್ಲಿ ವಯಸ್ಸಾದ ರೋಗಿಗಳನ್ನು ಬೇರೆಯೇ ಥರ ನೋಡುವ ಒಂದು ಕ್ಲಿನಿಕ್ ಇದೆ. ಗಡ್ಡೆಯನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ಪರೀಕ್ಷೆ ಮಾಡುತ್ತಾರೆ. ನಡೆಸಿ ನೋಡಿದರು. ಕುರ್ಚಿಯಿಂದ ಕೈ ಊರದೆ ಎದ್ದು ಕೂರಿಸಿದರು. ದಿನಕ್ಕೆ ಎಷ್ಟು ಮಾತ್ರೆ, ಬಿದ್ದಿದ್ದೀರಾ, ತೂಕ ಎಷ್ಟು ಇಳಿದಿದೆ ಅಂತ ಕೇಳಿದರು. ಆರು ತಿಂಗಳಲ್ಲಿ 64ರಿಂದ 52 ಕಿಲೋಗೆ ಇಳಿದಿದ್ದರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು: ಕೇಳಂ (ಬಾಳೆಹಣ್ಣು), ಸೂರ್ಯೋದಯ, ಖುರ್ಚಿ. ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು, ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರಿಸಿ ಅಂದರು.

ಅಪ್ಪಯ್ಯ ವೃತ್ತಕ್ಕೆ ಸ್ಟೀಲ್ ಲೋಟ ಹುಡುಕಿದರು. ಸಿಗಲಿಲ್ಲ. ಕೈಯಲ್ಲೇ ಬರೆದರು, ದೋಸೆ ಹುಯ್ಯುವ ಹಾಗೆ ನಡುವಿನಿಂದ ಶುರು ಮಾಡಿ ಸುತ್ತು ತಿರುಗಿಸಿ. 12, 3, 6, 9 ಮೊದಲು, ಮಿಕ್ಕಿದ್ದು ಆಮೇಲೆ. ಸಣ್ಣ ಮುಳ್ಳು 11ಕ್ಕೆ, ದೊಡ್ಡದು 2ಕ್ಕೆ. ಪದಗಳು ನೆನಪಿದೆಯಾ ಅಂದಾಗ ಅಡುಗೆಮನೆಗೆ ಆರ್ಡರ್ ಕೂಗುವ ರಾಗದಲ್ಲಿ ಮೂರನ್ನೂ ಒಪ್ಪಿಸಿದರು. ತಲೆ ಚೆನ್ನಾಗಿದೆ, ಆದರೆ ಬೀಡಿ ಶ್ವಾಸಕೋಶವನ್ನು ತಿಂದಿದೆ ಅಂತ ಗೊತ್ತಾಯಿತು. ಬೀಡಿ ಬಿಟ್ಟು 12 ವರ್ಷವಾದರೂ ಅದರ ಲೆಕ್ಕ ಬಾಕಿ ಇತ್ತು.

ಪೆಟ್ ಸ್ಕ್ಯಾನ್ ಬಂದ ಮೇಲೆ ಡಾಕ್ಟರಮ್ಮ ಅಪ್ಪಯ್ಯನ ಕಡೆಗೇ ಕುರ್ಚಿ ತಿರುಗಿಸಿ ಕೂತರು. ನಾನು ನಡುವೆ ಬಾಯಿ ಹಾಕಿದಾಗ ಕೈ ತೋರಿಸಿ ನಿಲ್ಲಿಸಿದರು. ಮೂರು ದಾರಿ ಹೇಳಿದರು. ಒಂದು, ಕೀಮೋ ಮತ್ತು ರೇಡಿಯೇಷನ್ ಮಾಡಿ ಆಮೇಲೆ ಆಪರೇಷನ್. ಅನ್ನನಾಳ ತೆಗೆದು, ಹೊಟ್ಟೆಯನ್ನೇ ನಳಿಗೆಯ ಹಾಗೆ ಮೇಲಕ್ಕೆಳೆದು ಜೋಡಿಸುತ್ತಾರೆ. ದೊಡ್ಡ ಆಪರೇಷನ್, ಈ ಶ್ವಾಸಕೋಶಕ್ಕೆ ರಿಸ್ಕ್ ಜಾಸ್ತಿ. ಎರಡು, ಆಪರೇಷನ್ ಬಿಟ್ಟು ಪೂರ್ತಿ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ. ಗುಣವಾಗಲೂಬಹುದು, ಗಡ್ಡೆ ತಿರುಗಿ ಬರಲೂಬಹುದು. ಮೂರು, ಕೆಲವೇ ದಿನದ ರೇಡಿಯೇಷನ್ ಅಥವಾ ಒಂದು ಸ್ಟೆಂಟ್ (ಅನ್ನನಾಳದೊಳಗೆ ಇಡುವ ಸಣ್ಣ ಕೊಳವೆ). ಅನ್ನದ ದಾರಿ ತೆರೆಯುತ್ತೆ, ರೋಗ ಹೋಗಲ್ಲ. ಜೊತೆಗೆ ನೋವು ನೋಡಿಕೊಳ್ಳುವ ಡಾಕ್ಟರುಗಳು.

ಆಮೇಲೆ ಕೇಳಿದರು: “ಆಜೋಬಾ, ತುಮ್ಹಾಲಾ ಕಾಯ್ ಪಾಹಿಜೆ?” ಅಜ್ಜಾ, ನಿಮಗೆ ಏನು ಬೇಕು ಅಂತ.

ಅಪ್ಪಯ್ಯ ತಡಮಾಡಲೇ ಇಲ್ಲ. “ಚಹಾ.”

ಡಾಕ್ಟರಮ್ಮ ನಕ್ಕರು. ನನಗೆ ಮೈಯೆಲ್ಲ ಜುಮ್ಮೆಂದಿತು. ಜೀವಮಾನವಿಡೀ ಬಂದ ಬಂದ ಗಿರಾಕಿಗೆಲ್ಲ “ಕಾಯ್ ಪಾಹಿಜೆ?” ಅಂತ ಕೇಳಿದವರು ಅವರು. ಅವರನ್ನು ತಿರುಗಿ ಹಾಗೆ ಕೇಳಿದ್ದು ನಾನು ಕಂಡಿದ್ದೇ ಇಲ್ಲ. ಅವರು ತಮಾಷೆ ಮಾಡುತ್ತಿರಲಿಲ್ಲ. ತಮ್ಮ ಹೋಟೆಲ್ ಮರಾಠಿಯಲ್ಲೇ ಬಿಡಿಸಿ ಹೇಳಿದರು. ಚಹಾ ಕುಡಿಯಬೇಕು, ಇಡ್ಲಿ ಹೆದರದೆ ನುಂಗಬೇಕು, ಊರಿಗೆ ಒಂದು ಸಲ ತನ್ನ ಕಾಲ ಮೇಲೆ ಹೋಗಿಬರಬೇಕು. ಆಸ್ಪತ್ರೆಯಲ್ಲಿ ಮೂರ್ನಾಲ್ಕು ವಾರ ನಳಿಗೆ ಸಿಕ್ಕಿಸಿಕೊಂಡು ಮಲಗಲಾರೆ. ಹಾಗಂತ ಸುಮ್ಮನೆ ಕೂತು ಸಾಯಲೂ ಇಷ್ಟವಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಆಪ್ರೇಸನ್ ಬ್ಯಾಡ. ಕರೆಂಟ್ ಕೊಡ್ಲಿ.”

ರೇಡಿಯೇಷನ್‌ಗೆ ನಮ್ಮ ಕಡೆ ಕರೆಂಟ್ ಕೊಡೋದು ಅಂತಾರೆ. ಹೊರಗೆ ಸಾಲಿನಲ್ಲಿದ್ದ ಹಿಂದಿಯವರು ಸಿಕಾಯಿ ಅನ್ನುತ್ತಿದ್ದರು.

ಅಣ್ಣನಿಗೆ ಆ ರಾತ್ರಿ ವಿಷಯ ಹೇಳಿದೆ. “78ರ ಮನುಷ್ಯ ಹೇಳಿದ ಅಂತ ಬಿಟ್ಟುಬಿಡ್ತೀಯಾ?” ಅಂದ. ಆರು ದಿನ ಮಾತು ಬಿಟ್ಟ. ಏಳನೇ ದಿನ ಅಪ್ಪಯ್ಯನೇ ಅವನಿಗೆ ವಿಡಿಯೋ ಕಾಲ್ ಮಾಡಿಸಿದರು. ಏನು ಮಾತಾಡಿದರೋ ಗೊತ್ತಿಲ್ಲ, ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಅಣ್ಣ ಮುಂದಿನ ತಿಂಗಳು ರಜೆ ಹಾಕಿ ಬಂದ.

ಒಟ್ಟು 28 ಸಲ ಕರೆಂಟ್, ವಾರಕ್ಕೆ ಐದು ದಿನ. ಡೊಂಬಿವಲಿಯಿಂದ ಪರೇಲ್‌ಗೆ ಸ್ಲೋ ಲೋಕಲ್. ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ ಅಂತ ಎಷ್ಟೋ ಜನಕ್ಕೆ ತಿಳಿದಿಲ್ಲ, ಆಸ್ಪತ್ರೆಯ ಕಾಗದ ಜೊತೆಗಿಟ್ಟುಕೊಳ್ಳಿ. ಎದೆಯ ಮೇಲೆ ಶಾಯಿಯ ಗುರುತು ಹಾಕಿದ್ದರು, ಅದು ಅಳಿಸಬಾರದು. ಮುಂಬೈ ಸೆಖೆಯಲ್ಲಿ ಮೈ ತಿಕ್ಕದೆ ಸ್ನಾನ ಮಾಡುವ ಕಷ್ಟ ಅಪ್ಪಯ್ಯನಿಗೆ ಕೀಮೋಗಿಂತ ದೊಡ್ಡದಾಗಿ ಕಂಡಿತು.

ಮೂರನೇ ವಾರಕ್ಕೆ ಗಂಟಲಿನ ಕೆಳಗೆಲ್ಲ ಉರಿ, ಉಗುಳು ನುಂಗಲೂ ಆಗದು. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದರು. ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಾಲು, ರಾಗಿ, ಸೋಸಿದ ಕುಚ್ಚಲಕ್ಕಿ ಗಂಜಿ. ಹಾಕಿದ ಮೇಲೆ ಅರ್ಧ ಗಂಟೆ ಒರಗಿಯೇ ಕೂರಬೇಕು. ರುಚಿ ತಿಳಿಯದ ಆ ಗಂಜಿಗೂ ಅಪ್ಪಯ್ಯನ ತಪಾಸಣೆ ಇತ್ತು. ಪಾತ್ರೆ ಓರೆ ಮಾಡಿ ನೋಡಿ, ದಪ್ಪಗಿದೆ, ಇನ್ನೊಮ್ಮೆ ಸೋಸು ಅಂತ ಕೈಸನ್ನೆ. ಎರಡು ಸಲ ಇನ್ನು ಸಾಕು ಅಂದರು. ಎರಡೂ ಸಲ ನಾನು “ನಿಲ್ಲಿಸೋಣ್ವಾ? ನೀವು ಹೇಳಿದ ಹಾಗೆ” ಅಂದೆ. ನಿಜವಾಗಿ ಕೇಳಿದ್ದೇನೆ ಅಂತ ಗೊತ್ತಾದ ಮೇಲೆ, ನಾಳೆ ನೋಡೋಣ ಅಂದರು. ಆ ನಾಳೆಗಳಲ್ಲೇ 28 ಮುಗಿಯಿತು.

ಹೀಗೇ ಮಾಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನಿಮ್ಮ ಅಪ್ಪ ಆಪರೇಷನ್ ಬೇಕು ಅನ್ನಬಹುದು, ಏನೂ ಬೇಡ ಅನ್ನಬಹುದು, ನೀನೇ ನೋಡಿಕೋ ಮಗಾ ಅಂತಲೂ ಅನ್ನಬಹುದು. ಅದೂ ಅವರ ಬಾಯಿಂದಲೇ ಬರಲಿ. ಮನಸ್ಸು ಕುಗ್ಗುತ್ತೆ ಅಂತ ಮುಚ್ಚಿಡುತ್ತೇವಲ್ಲ, ಕುಗ್ಗಿದ್ದು ನನ್ನದು. ಅವರ ಎದುರು ಅಳಲಾರದೆ ಸುಳ್ಳು ಹೇಳಿದೆ. ಅಷ್ಟೂ ದಿನ ಅವರು ಒಬ್ಬರೇ ಕೂತು ಹೆದರಿದ್ದಾರೆ, ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಕೇಳುವವರಿಗೆ ಉಪಯೋಗಕ್ಕೆ ಬರಬಹುದಾದ ಒಂದೆರಡು ವಿಷಯ. ಊರಿನಲ್ಲಿರುವವರು ಮುಂಬೈಗೇ ಓಡಿಬರಬೇಕಾಗಿಲ್ಲ. ಮಣಿಪಾಲ ಇದೆ, ಬೆಂಗಳೂರಿನ ಕಿದ್ವಾಯಿ ಇದೆ. ಎರಡನೇ ಅಭಿಪ್ರಾಯ ಬೇಕಿದ್ದರೆ ಟಾಟಾದ ಜೊತೆ ಕೆಲಸ ಮಾಡುವ ನವ್ಯಾ ಅನ್ನುವ ಆನ್‌ಲೈನ್ ಸೇವೆಗೆ ರಿಪೋರ್ಟ್ ಕಳಿಸಬಹುದು. 70 ತುಂಬಿದವರಿಗೆಲ್ಲ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಕಾರ್ಡ್ ಸಿಗುತ್ತೆ, ವರ್ಷಕ್ಕೆ 5 ಲಕ್ಷದವರೆಗೆ. ಕಾಯಿಲೆ ಬರುವ ಮೊದಲೇ ಮಾಡಿಸಿಡಿ.

ಇನ್ನೊಂದು ಕಾಗದದ ಬಗ್ಗೆ ಹೇಳಲು ಸ್ವಲ್ಪ ಹಿಂಜರಿಕೆ. ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ನಿಯಮ ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅಪ್ಪಯ್ಯನೇ ಕೇಳಿ ಮಾಡಿಸಿಕೊಂಡರು. ತಿಂಗಳ ಕೊನೆಯ ಬಿಲ್ ತಾಳೆ ನೋಡುವ ಹಾಗೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡು ಸಹಿ ಹಾಕಿದರು. ಅಕ್ಕ ಫೋನಿನಲ್ಲಿ ಅತ್ತಳು.

ಈಗ ಟ್ಯೂಬ್ ತೆಗೆದು ಎರಡು ತಿಂಗಳಾಗಿದೆ. ತೂಕ ಮೂರು ಕಿಲೋ ಏರಿದೆ. ಮೆತ್ತಗಿನ ಇಡ್ಲಿ ಒಂದೂವರೆ ಇಳಿಯುತ್ತೆ. ಚಹಾದ ವಿಷಯದಲ್ಲಿ ಮಾತ್ರ ದಿನಾ ಜಗಳ. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯುವುದೂ ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ ಅಂತ ನಾನು ಓದಿ ಹೇಳಿದೆ. “ತಣ್ಣಗಿನ ಚಾ ಕೊಟ್ರೆ ಗಿರಾಕಿ ಗ್ಲಾಸ್ ಬಿಸಾಡ್ತಿದ್ದ” ಅಂದರು. ಆದರೂ ಆರುವವರೆಗೆ ಲೋಟ ಹಿಡಿದು ಕೂರುತ್ತಾರೆ, ಮುಖ ಸಿಂಡರಿಸಿಕೊಂಡು.

ಮುಂದಿನ ಎಂಡೋಸ್ಕೋಪಿ ಗುರುವಾರ. ಏನು ಬರುತ್ತೋ. ರಿಪೋರ್ಟ್ ತಾನೇ ಇಸಿದುಕೊಳ್ಳುತ್ತೇನೆ ಅಂದಿದ್ದಾರೆ. ಮೊನ್ನೆ ಸ್ಟೇಷನ್ ಹತ್ತಿರದ ಅಂಗಡಿಗೆ ಒಬ್ಬರೇ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದರು.