ಅಪ್ಪನ ಮುಷ್ಕರ ಮುಗಿದಿರಲಿಲ್ಲ

2007ರ ನವೆಂಬರ್‌ನಲ್ಲಿ ಅಪ್ಪ, ಅಮ್ಮ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದ ನಮ್ಮ ಮನೆಗೆ ಬಂದರು. ಆರು ತಿಂಗಳು ಇರುವುದು. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಟಿವಿ ಇದೆಯಲ್ಲ ಎಂಬ ಧೈರ್ಯದಲ್ಲಿ ಟಿಕೆಟ್ ಮಾಡಿಸಿದ್ದೆ. ಅವರು ಬರುವುದಕ್ಕೂ ಮುಂಚೆ, ಅದೇ ತಿಂಗಳ 5ಕ್ಕೆ, ಅಮೆರಿಕದ ಟಿವಿ-ಸಿನಿಮಾ ಬರಹಗಾರರೆಲ್ಲ ಮುಷ್ಕರ ಹೂಡಿದ್ದರು. ಸ್ಟಾಕ್ ಇದ್ದ ಎಪಿಸೋಡುಗಳು ಒಂದೊಂದಾಗಿ ಖಾಲಿಯಾದವು. ಆಮೇಲೆ ಉಳಿದದ್ದು ಹಳೆಯದರ ಮರುಪ್ರಸಾರ, ಇಲ್ಲವೇ ಯಾರೋ ಯಾರನ್ನೋ ಮನೆಯಿಂದಾಚೆ ಹಾಕುವ ರಿಯಾಲಿಟಿ ಶೋ.

ನಾನೂ ನನ್ನಾಕೆಯೂ ಕಂಗಾಲಾದೆವು. ಅಪ್ಪ ಮಾತ್ರ ಹತ್ತು ವರ್ಷ ಚಿಕ್ಕವರಾದರು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತಿಕೆ, ಅದರಲ್ಲಿ ಮುಕ್ಕಾಲು ಪಾಲು ಯೂನಿಯನ್ ಕೆಲಸ. ನಿವೃತ್ತಿಯಾದ ಮೇಲೆ ಒಂದು ಗೇಟ್ ಮೀಟಿಂಗ್ ಕೂಡ ಕಂಡಿರದ ಜೀವ.

"ಬೇಡಿಕೆ ಏನಂತೆ?" ಅಂದರು.

ಹೇಳಿದೆ. ಒಂದು ಡಿವಿಡಿ ಮಾರಾಟವಾದರೆ ಬರೆದವರಿಗೆ ಸಿಗುವುದು ಸುಮಾರು ನಾಲ್ಕು ಸೆಂಟು. ಈಗ ಎಲ್ಲ ಇಂಟರ್ನೆಟ್‌ಗೆ ಹೋಗ್ತಾ ಇದೆ, ಅಲ್ಲಿಯೂ ಪಾಲು ಬೇಕಂತೆ.

ಡಾಲರಿಗೆ ಆಗ ನಲವತ್ತು ರೂಪಾಯಿಯ ಆಸುಪಾಸು. ಅಪ್ಪ ಬಾಯಲ್ಲೇ ಲೆಕ್ಕ ಹಾಕಿ, "ಒಂದೂವರೆ ರೂಪಾಯಿ! ಇಷ್ಟು ದಿನ ಹೇಗೆ ಸುಮ್ಮನಿದ್ದರು ಇವರು?" ಎಂದು ನನ್ನ ಮೇಲೇ ರೇಗಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ರಿಯಾಲಿಟಿ ಶೋ ಬಂದ್. ಬರೆಯುವವರು ಚಳಿಯಲ್ಲಿ ಬೋರ್ಡು ಹಿಡಿದು ನಿಂತಿರುವಾಗ, ಬರಹಗಾರರೇ ಬೇಡದ ಕಾರ್ಯಕ್ರಮ ನೋಡುವುದು ಮ್ಯಾನೇಜ್‌ಮೆಂಟಿಗೆ ಬೆಂಬಲ ಕೊಟ್ಟ ಹಾಗಂತೆ.

ಜನವರಿ 2ಕ್ಕೆ ಡೇವಿಡ್ ಲೆಟರ್‌ಮನ್ ತಡರಾತ್ರಿಯ ಶೋಗೆ ಬಿಳಿ ಗಡ್ಡ ಬಿಟ್ಟುಕೊಂಡು ಮರಳಿದ. ಅವನ ಕಂಪನಿ ಬರಹಗಾರರ ಸಂಘದ ಜೊತೆ ಬೇರೆಯಾಗಿ ಒಪ್ಪಂದ ಮಾಡಿಕೊಂಡು ತನ್ನ ಬರಹಗಾರರನ್ನು ವಾಪಸ್ ಕರೆಸಿಕೊಂಡಿತ್ತು. ಅಪ್ಪನಿಗೆ ಒಪ್ಪಂದವೂ ಹಿಡಿಸಿತು, ಗಡ್ಡವೂ ಹಿಡಿಸಿತು. ಮಾರನೆಯ ದಿನದಿಂದ ತಾವೂ ರೇಜರ್ ಮುಟ್ಟಲಿಲ್ಲ. ಐದು ದಿನ ಸಹಿಸಿಕೊಂಡ ಅಮ್ಮ ಆರನೆಯ ದಿನ, "ನಾಳೆ ದೇವಸ್ಥಾನಕ್ಕೆ ಹೋದರೆ ಯಾರು ಹೋದರು, ಎಷ್ಟು ದಿನದ ಸೂತಕ ಅಂತ ಕೇಳ್ತಾರೆ. ಏನು ಹೇಳಲಿ?" ಅಂದಳು. ಗಡ್ಡ ಹೋಯಿತು.

ಅಮ್ಮನದು ಬೇರೆಯೇ ದಾರಿ. ಬೆಳಿಗ್ಗೆ ಹನ್ನೊಂದಕ್ಕೆ 'ದಿ ಪ್ರೈಸ್ ಈಸ್ ರೈಟ್' ಬರುತ್ತಿತ್ತು. ಸಾಮಾನು ತೋರಿಸುತ್ತಾರೆ, ಬೆಲೆ ಊಹಿಸಬೇಕು. ನಿಜವಾದ ಬೆಲೆಯನ್ನು ಮೀರದೆ ಯಾರು ಹತ್ತಿರ ಹೇಳುತ್ತಾರೋ ಅವರು ಗೆದ್ದರು. ಅದಕ್ಕೆ ಇಂಗ್ಲಿಷೇನೂ ಬೇಕಿಲ್ಲ, ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪು ಚೌಕಾಸಿ ಮಾಡಿದ ಅನುಭವ ಸಾಕು. ಅಡುಗೆ ಹೊತ್ತಿಗೆ ತಪ್ಪಿಹೋಗುತ್ತದೆ ಎಂದು ನನ್ನಾಕೆ ದಿನಾ ರೆಕಾರ್ಡ್ ಆಗುವ ಹಾಗೆ ಡಿವಿಆರ್ ಎಂಬ ರೆಕಾರ್ಡಿಂಗ್ ಡಬ್ಬಿಯಲ್ಲಿ ಹಾಕಿಕೊಟ್ಟಳು. ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 12ಕ್ಕೆ ಬರಹಗಾರರು ಮತ ಹಾಕಿ, ನೂರಕ್ಕೆ 92ಕ್ಕೂ ಹೆಚ್ಚು ಜನ ಒಪ್ಪಿ, ಮುಷ್ಕರ ಮುಗಿಯಿತು. 13ರ ರಾತ್ರಿಯೇ ಟಿವಿ ಮುಂದೆ ಕೂತೆ. ಅಪ್ಪ ನಕ್ಕರು. "ಮುಷ್ಕರ ಮುಗಿದ ಮಾರನೇ ದಿನ ನಮ್ಮ ಕೌಂಟರಿಗೆ ಬಂದು ಡ್ರಾಫ್ಟ್ ಕೇಳೋರು, ನಿನ್ನ ಹಾಗೇ. ಪೆಂಡಿಂಗ್ ಇರುತ್ತಪ್ಪಾ." ಅದೂ ನಿಜವೇ. ಬರೆಯಬೇಕು, ಶೂಟ್ ಮಾಡಬೇಕು. 'ಬಿಗ್ ಬ್ಯಾಂಗ್ ಥಿಯರಿ' ಮಾರ್ಚ್ 17ಕ್ಕೆ ಬಂತು. ನನ್ನ ಪ್ರೀತಿಯ 'ದಿ ಆಫೀಸ್‌'ಗೆ ಏಪ್ರಿಲ್ 10 ಗೊತ್ತಾಯಿತು. ಇನ್ನು '24', ಒಂದು ದಿನದ ಕತೆಯನ್ನು ಗಂಟೆ ಗಂಟೆಗೂ ಹೇಳುವ ಧಾರಾವಾಹಿ, ಅದನ್ನು 2009ರ ಜನವರಿಗೇ ತಳ್ಳಿಬಿಟ್ಟರು.

'ದಿ ಆಫೀಸ್‌'ನಲ್ಲಿ ಪೆದ್ದು ಮ್ಯಾನೇಜರ್ ಆಗಿದ್ದ ಸ್ಟೀವ್ ಕರೆಲ್ ಮುಷ್ಕರ ಶುರುವಾದಾಗ ಬರಹಗಾರರ ಪರವಾಗಿ ಶೂಟಿಂಗಿಗೇ ಹೋಗಿರಲಿಲ್ಲ. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "36 ವರ್ಷದಲ್ಲಿ ಅಂಥ ಮ್ಯಾನೇಜರ್ ಒಬ್ಬನೂ ಸಿಗಲಿಲ್ಲ ಕಣೋ" ಅಂದರು.

ಏಪ್ರಿಲ್ 10, ಗುರುವಾರ. ಶೋ ಇದ್ದದ್ದು ರಾತ್ರಿ ಒಂಬತ್ತಕ್ಕೆ. ಎಂಟಕ್ಕೆ ಬಾಗಿಲು ಬಡಿದ ಸದ್ದು. ಅಪ್ಪನ ಹಳೇ ಸಹೋದ್ಯೋಗಿಯ ಮಗ, ಸೊಸೆ. ಅಮ್ಮ ಯುಗಾದಿ ನೆಪದಲ್ಲಿ ಹೋಳಿಗೆಗೆ ಕರೆದಿದ್ದಳಂತೆ, ನನಗೆ ಹೇಳುವುದನ್ನು ಮರೆತಿದ್ದಳಂತೆ. ಇರಲಿ, ಡಿವಿಆರ್ ಇದೆಯಲ್ಲ ಎಂದು ನಗುನಗುತ್ತಾ ತುಪ್ಪ ಬಡಿಸಿದೆ. ಆ ಹುಡುಗ ಸುಮ್ಮನಿರಲಾರದೆ, "ಅಂಕಲ್, ಈ ಸ್ಟ್ರೈಕ್‌ನಿಂದ ಏನಾದರೂ ಉಪಯೋಗ ಆಯ್ತಾ?" ಅಂದ. ಅಪ್ಪ 1969ರ ಬ್ಯಾಂಕ್ ರಾಷ್ಟ್ರೀಕರಣದಿಂದ ಶುರು ಮಾಡಿದರು. ಅವರು ಎಪ್ಪತ್ತರ ದಶಕ ದಾಟುವಾಗ ಹತ್ತು ಗಂಟೆ. ಹುಡುಗನ ಹೆಂಡತಿ ಕೋಟು ಹಾಕಿಕೊಂಡೇ ಕೂತಿದ್ದಳು.

ಹನ್ನೊಂದಕ್ಕೆ ಅವರನ್ನು ಕಳಿಸಿ, ರಿಮೋಟ್ ಒತ್ತಿದೆ. ರೆಕಾರ್ಡ್ ಆಗಿಲ್ಲ, ಜಾಗವಿಲ್ಲ ಎಂದಿತು ಡಬ್ಬಿ. ಪಟ್ಟಿ ತೆರೆದೆ. ನವೆಂಬರಿಂದ ಏಪ್ರಿಲ್‌ವರೆಗೆ ವಾರಕ್ಕೆ ಐದರಂತೆ 'ದಿ ಪ್ರೈಸ್ ಈಸ್ ರೈಟ್'. ಒಂದೊಂದರ ಮುಂದೂ ಅಳಿಸಬೇಡ ಎಂಬ ಗುರುತು.

"ಅಮ್ಮಾ, ನೋಡಿ ಆದಮೇಲೆ ಅಳಿಸಬಾರದಾ?"

"ಪಾಪ, ಕಾರು ಗೆದ್ದಿರ್ತಾರೆ, ಎಗರಾಡಿ ಅಳ್ತಿರ್ತಾರೆ. ಹೇಗೋ ಅಳಿಸೋದು?"

ನಾಳೆ ಇಂಟರ್ನೆಟ್‌ನಲ್ಲಿ ನೋಡಿದರಾಯಿತು ಎಂದೆ. ಅಪ್ಪ ಕನ್ನಡಕ ಹಾಕಿಕೊಂಡು ಎದ್ದು ಬಂದರು. ಕೈಯಲ್ಲಿ, ನಾನೇ ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದುಕೊಟ್ಟಿದ್ದ ಒಪ್ಪಂದದ ವರದಿ. ಪ್ರಸಾರವಾದ ಮೊದಲ 17 ದಿನ ಇಂಟರ್ನೆಟ್‌ನಲ್ಲಿ ಪುಕ್ಕಟೆ ತೋರಿಸಿದರೆ ಬರೆದವರಿಗೆ ಬೇರೆ ದುಡ್ಡಿಲ್ಲ, ಆಮೇಲೆಯೂ ಇಟ್ಟುಕೊಂಡರೆ ಕೊಡಬೇಕು ಎಂಬ ಸಾಲಿನ ಕೆಳಗೆ ಕೆಂಪು ಗೆರೆ.

"ಹದಿನೆಂಟನೇ ದಿನ ನೋಡು."

ನಾವು ಕಾದರೂ ಕಾಯದಿದ್ದರೂ ಬರೆದವನಿಗೆ ವ್ಯತ್ಯಾಸವಿಲ್ಲ, ಒಪ್ಪಂದದ ಮೊದಲೆರಡು ವರ್ಷಕ್ಕೆ ಇಡಿಗಂಟಿನ ಲೆಕ್ಕ ಎಂದು ಅದೇ ವರದಿಯಲ್ಲಿ ತೋರಿಸಿದೆ. ಅಪ್ಪ ಒಪ್ಪಲಿಲ್ಲ. ಕಾದೆವು. ಆಫೀಸಿನಲ್ಲಿ ಎಲ್ಲರೂ ಆ ಎಪಿಸೋಡಿನ ಮಾತೆತ್ತಿದರೆ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ.

ಏಪ್ರಿಲ್ 28ರ ರಾತ್ರಿ ನಾಲ್ವರೂ ಲ್ಯಾಪ್‌ಟಾಪಿನ ಮುಂದೆ ತಲೆಗೆ ತಲೆ ತಾಗಿಸಿ ಕೂತೆವು. ಎಪಿಸೋಡಿನ ಹೆಸರು 'ಡಿನ್ನರ್ ಪಾರ್ಟಿ'. ಊಟಕ್ಕೆ ಬಂದವರು ಎದ್ದು ಹೋಗಲಾರದೆ ಒದ್ದಾಡುವ ಕತೆ. ನನ್ನಾಕೆ ಅಪ್ಪನ ಕಡೆ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಪ್ಪ ಅಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ಮ್ಯಾನೇಜರು ಗೋಡೆಗೆ ಹಾಕಿದ ಅಂಗೈಯಗಲದ ಪ್ಲಾಸ್ಮಾ ಟಿವಿಯನ್ನು ಹೆಮ್ಮೆಯಿಂದ ತೋರಿಸಿದ. ಅಮ್ಮ ಮುಂದಕ್ಕೆ ಬಾಗಿ, ಅದನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂರು ಡಾಲರ್. ಒಂದು ಸೆಂಟೂ ಜಾಸ್ತಿ ಇಲ್ಲ" ಅಂದಳು.

ಹತ್ತು ನಿಮಿಷ ಕಳೆಯಿತು. ಮನೆಯೊಡತಿ ಸಿಟ್ಟಿನಲ್ಲಿ ಆ ಟಿವಿಗೆ ಏನನ್ನೋ ಎಸೆದು ಪುಡಿ ಮಾಡಿದಳು. ಅವನು ಕಿರುಚಿದ: ಇನ್ನೂರು ಡಾಲರಿನ ಟಿವಿ!

ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅಪ್ಪ ಬೆಚ್ಚಿ ಎದ್ದು, "ಸೆಟಲ್‌ಮೆಂಟ್ ಆಯ್ತಾ?" ಅಂದರು.